ತೊಂಬತ್ತಮೂರಕ್ಕೆ ಕುದಿಯುವ ನೀರು

ಕಡಲ ದಡದ ಮೊಂಬಾಸಾದ ಸಂಶೋಧನಾಲಯದಲ್ಲಿ ಮೊದಲ ಸಲ ನೀರು ಕುದಿಸಿದ ದಿನವೇ ಜೆಲಗಾಟಳಿಗೆ ಎಲ್ಲಾ ಗೊತ್ತಾಗಿಹೋಯಿತು. ಗೊತ್ತಾಗದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಏನೂ ತಿಳಿಯದೆ ಸೋತವರು ಹಣೆಬರಹವನ್ನಾದರೂ ಬೈದುಕೊಂಡು ಮಲಗುತ್ತಾರೆ. ತಿಳಿದೂ ಬಾಯಿ ಬಿಡಲಾಗದವರಿಗೆ ಆ ಸುಖವೂ ಇಲ್ಲ.

ಗಾಜಿನ ಬುರುಡೆಯಲ್ಲಿ ಪರ್ಮಾಂಗನೇಟಿನ ನೇರಳೆ ನೀರು ಕೊತಕೊತ ಕುದಿಯುತ್ತಿತ್ತು. ಒಳಗೆ ಇಳಿಬಿಟ್ಟ ಥರ್ಮಾಮೀಟರು ನೂರು ಡಿಗ್ರಿ ತೋರಿಸುತ್ತಿತ್ತು. ನೀರು ಕುದಿಯುವುದೇ ನೂರಕ್ಕೆ, ಇದರಲ್ಲೇನು ವಿಶೇಷ ಎಂದು ಕೇಳುವವರು ಕಡಲ ಮಟ್ಟದಲ್ಲಿ ಹುಟ್ಟಿದವರೇ ಇರಬೇಕು. ಜೆಲಗಾಟ್ ಹುಟ್ಟಿ ಬೆಳೆದು ಓದಿದ ಎಲ್ಡೊರೆಟ್ ಇರುವುದು ಎತ್ತರದಲ್ಲಿ, ಗಾಳಿ ತೆಳುವಾಗಿರುವ ಕಡೆ. ಅಲ್ಲಿ ನೀರು ತೊಂಬತ್ತಮೂರಕ್ಕೇ ಕುದಿಯುತ್ತದೆ. ಕೆಳಗೆ ಎಷ್ಟೇ ಸೌದೆ ಒಟ್ಟಿದರೂ ತೊಂಬತ್ತನಾಲ್ಕಕ್ಕೆ ಏರುವುದಿಲ್ಲ. ಆ ಕಡೆ ಬೀನ್ಸ್ ಕಾಳು ಬೇಯುವುದರೊಳಗೆ ಅತಿಥಿಗೆ ಹಸಿವೇ ಸತ್ತುಹೋಗುತ್ತದೆ. ಒಲೆಯಿಂದ ಇಳಿಸಿದ ಚಹಾವನ್ನು ಜನ ಊದದೆ ಕುಡಿಯುತ್ತಾರೆ. ಮೊಂಬಾಸಾಗೆ ಬಂದ ಮೊದಲ ಬೆಳಗ್ಗೆ ಜೆಲಗಾಟ್ ಹಾಗೇ ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡಿದ್ದಳು. ಓದಿದ ತಲೆಗೆ ಆಗಲೇ ಹೊಳೆಯಬೇಕಿತ್ತು. ನಾಲಿಗೆಗೆ ತಿಳಿದದ್ದು ತಲೆಗೆ ತಿಳಿಯಲು ಇನ್ನೂ ಎರಡು ಗಂಟೆ ಬೇಕಾಯಿತು.

ಅವಳು ಮಾಡಬೇಕಾಗಿದ್ದದ್ದು ತಂತಿ. ಮ್ಯಾಂಗನೀಸ್ ಆಕ್ಸೈಡಿನ ನ್ಯಾನೊತಂತಿ. ಒಂದು ತಲೆಗೂದಲನ್ನು ಉದ್ದುದ್ದಕ್ಕೆ ಐವತ್ತು ಸಾವಿರ ಎಳೆಯಾಗಿ ಸೀಳಿದರೆ ಒಂದು ಎಳೆ ಎಷ್ಟಿರುತ್ತದೋ ಅಷ್ಟು ಸಪೂರ. ಅಷ್ಟು ಸಪೂರವಾದ ವಸ್ತುವಿಗೆ ಒಳಗು ಎನ್ನುವುದೇ ಇರುವುದಿಲ್ಲ, ಎಲ್ಲವೂ ಮೈಯೇ. ನೀರಿನಲ್ಲಿರುವ ಫ್ಲೋರೈಡು ಆ ಮೈಗೆ ಬಂದು ಅಂಟಿಕೊಳ್ಳುತ್ತದೆ. ನಕುರು ಕಡೆಯ ಮಕ್ಕಳ ಹಲ್ಲನ್ನು ಕಂದಾಗಿಸುವ ಕೊಳವೆಬಾವಿ ನೀರನ್ನು ಈ ತಂತಿಯ ಜರಡಿಯಲ್ಲಿ ಸೋಸಬೇಕೆಂಬುದು ಅವಳ ಆಸೆಯಾಗಿತ್ತು. ತಂತಿ ದಪ್ಪವಾಯಿತೋ, ಅದು ಬರೀ ಕಪ್ಪು ಮಣ್ಣು.

ಎಲ್ಡೊರೆಟ್‌ನಲ್ಲಿ ತಂತಿ ಮಾಡಲು ಒಲೆಯಿತ್ತು, ನೋಡಲು ಕಣ್ಣಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದದ್ದು ಮೊಂಬಾಸಾದಲ್ಲಿ, ಡಾಕ್ಟರ್ ರುಕಿಯಾ ಅಥ್ಮಾನ್ ಅವರ ಸುಪರ್ದಿನಲ್ಲಿ. ಜೆಲಗಾಟ್ ಸೀಸೆ ಕಳಿಸುತ್ತಿದ್ದಳು, ರುಕಿಯಾ ಚಿತ್ರ ಕಳಿಸುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದೆಯೇ ಪ್ರಬಂಧ ಅಚ್ಚಾಯಿತು. ಮೊದಲ ಹೆಸರು ಜೆಲಗಾಟಳದು, ನಡುವೆ ರುಕಿಯಾರದು, ಹಿರಿಯರು ಕೂರುವ ಕೊನೆಯ ಜಾಗದಲ್ಲಿ ಅವಳ ಗುರು ಪ್ರೊಫೆಸರ್ ಬಿರೆಕ್ ಅವರದು. ಆಮೇಲೆ ಹೊರದೇಶದ ಎರಡು ತಂಡದವರು ಅದೇ ಕ್ರಮದಲ್ಲಿ ಮಾಡಿ ನೋಡಿ, ನಮಗೆ ಬಂದದ್ದು ದಪ್ಪ ತಂತಿ ಎಂದು ಬರೆದರು. ಗುಸುಗುಸು ಶುರುವಾಯಿತು. ಆ ಹುಡುಗಿ ಎಲ್ಲಿಂದಲೋ ಕೊಂಡ ತಂತಿಯನ್ನು ಸೀಸೆಗೆ ತುಂಬಿ ಕಳಿಸಿದಳಂತೆ ಎನ್ನುವವರೆಗೂ ಮಾತು ಬೆಳೆಯಿತು. ಮಾತಿಗೇನು, ಅದಕ್ಕೆ ಒಲೆಯೂ ಬೇಡ, ಉರಿಯೂ ಬೇಡ.

ರುಕಿಯಾ ನೇರ ಹೆಂಗಸು. ಫೋನು ಮಾಡಿ, ಬಾ, ನನ್ನ ಕಣ್ಣೆದುರಿಗೆ, ಅಚ್ಚಾದ ಕ್ರಮದಲ್ಲೇ ಮಾಡಿ ತೋರಿಸು ಎಂದರು. ತಂತಿ ಬಂದರೆ ನಿನ್ನ ಪರವಾಗಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಬಾರದಿದ್ದರೆ ಪ್ರಬಂಧವನ್ನು ಹಿಂದಕ್ಕೆ ತೆಗೆಸುತ್ತೇನೆ, ಆ ಸೀಸೆಯ ಬಗ್ಗೆ ನನಗೇ ಅನುಮಾನವಿದೆ ಎಂದು ಬರೆಯುತ್ತೇನೆ. ಹಾಗೆ ಬರೆದರೆ ಜೆಲಗಾಟಳ ಡಾಕ್ಟರೇಟಿನ ಕತೆ ಮುಗಿದಂತೆ. ಕಳ್ಳಿ ಎಂದು ಹೆಸರು ಬಿದ್ದವಳನ್ನು ಯಾವ ಪ್ರಯೋಗಾಲಯದವರೂ ಲೋಟ ತೊಳೆಯಲಿಕ್ಕೂ ಕರೆಯುವುದಿಲ್ಲ.

ಅಚ್ಚಾದ ಕ್ರಮದಲ್ಲಿ ‘ನೂರು ಡಿಗ್ರಿಯಲ್ಲಿ ಕುದಿಸಿ’ ಎಂದಿತ್ತು. ಜೆಲಗಾಟ್ ಮೊದಲು ಬರೆದದ್ದು, ಕಣ್ಣಾರೆ ಕಂಡದ್ದು, ತೊಂಬತ್ತಮೂರು. ಪ್ರೊಫೆಸರ್ ಬಿರೆಕ್ ಅದನ್ನು ಹೊಡೆದುಹಾಕಿ ನೂರು ಮಾಡಿದ್ದರು. ಕುದಿಯುವುದು ಎಂದರೆ ನೂರು, ಶಾಲೆಯ ಮಕ್ಕಳಿಗೂ ಗೊತ್ತು, ನಮ್ಮ ಮನೆಯ ಒಲೆಬೂದಿಯನ್ನು ಊರಿಗೆಲ್ಲಾ ತೋರಿಸಬೇಡ ಎಂದಿದ್ದರು. ಅವಳೂ ಎದುರಾಡಿರಲಿಲ್ಲ. ಕುದಿ ಅಂದರೆ ಕುದಿ, ಏಳು ಡಿಗ್ರಿಯಲ್ಲಿ ಏನು ಮಹಾ ಎಂದುಕೊಂಡಿದ್ದಳು. ಈಗ ನೋಡಿದರೆ ಇದ್ದದ್ದೆಲ್ಲಾ ಆ ಏಳು ಡಿಗ್ರಿಯಲ್ಲೇ. ತೊಂಬತ್ತಮೂರರಲ್ಲಿ ತಂತಿಗಳು ನಿಧಾನವಾಗಿ, ಒಂದೊಂದೇ, ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು. ನೂರರಲ್ಲಿ ಅವುಗಳಿಗೆ ಅವಸರ; ಒಂದರ ಪಕ್ಕ ಒಂದು ಅಂಟಿಕೊಂಡು ಕಟ್ಟುಕಟ್ಟಾಗಿ ದಪ್ಪವಾಗುತ್ತಿದ್ದವು.

ಹಾಗಾದರೆ ಅಂಕಿ ತಪ್ಪು ಎಂದು ಹೇಳಿಬಿಡಬಹುದಿತ್ತಲ್ಲ? ಹೇಳಬಹುದಿತ್ತು, ತಪ್ಪು ಬೇರೆಯವರದಾಗಿದ್ದರೆ. ಅವಳ ಕಲೆಂಜಿನ್ ಜನಾಂಗದ ಗಂಡಸರು ಒಂದೇ ಕಾಲಕ್ಕೆ ದೀಕ್ಷೆ ಪಡೆದು ಒಂದು ಬಳಗವಾದರೆ ಸಾಯುವವರೆಗೂ ಒಂದೇ ಬಳಗ. ಅಪ್ಪನ ಬಳಗದ ಪ್ರತಿಯೊಬ್ಬನೂ ಮಕ್ಕಳಿಗೆ ಅಪ್ಪನೇ, ಬರೀ ಬಾಯಿಮಾತಿಗಲ್ಲ. ಅವನು ಅವಳನ್ನು ಬೈಯಬಹುದು, ಹರಸಬಹುದು. ಅವನ ತಪ್ಪನ್ನು ಅವಳು ಹೊರಗಿನವರ ಮುಂದೆ ಎತ್ತುವಂತಿಲ್ಲ. ಬಿರೆಕ್ ಮತ್ತು ಅವಳ ಅಪ್ಪ ಒಂದೇ ಗುಡಿಸಲಲ್ಲಿ ದೀಕ್ಷೆಗೆ ಕೂತವರು. ಅಪ್ಪ ಪ್ರೈಮರಿಗೇ ಓದು ಬಿಟ್ಟು ಹಸು ಕಟ್ಟಿಕೊಂಡ, ಬಿರೆಕ್ ಕಡಲು ದಾಟಿ ಓದಿ ಬಂದರು. ಜೆಲಗಾಟ್ ಕಾಲೇಜು ಮುಗಿಸಿದಾಗ ಅಪ್ಪ ಅವಳನ್ನು ಕೈಹಿಡಿದು ಬಿರೆಕ್ ಮನೆಗೆ ಕರೆದೊಯ್ದು, ಇವಳು ನಿನ್ನ ಮಗಳು, ನೋಡಿಕೋ ಎಂದಿದ್ದ. ಬಿರೆಕ್ ನೋಡಿಕೊಂಡರು. ಆರು ವರ್ಷ ಅವರ ಮನೆಯಲ್ಲೇ ಉಂಡು ಓದಿದಳು. ಇಲಾಖೆಯಲ್ಲಿ ಪ್ರೊಫೆಸರ್ ಎನ್ನುತ್ತಿದ್ದವಳು ಮನೆಯಲ್ಲಿ ಅಪ್ಪಾ ಎನ್ನುತ್ತಿದ್ದಳು. ಕೊಟ್ಟ ಅನ್ನ ಹೀಗೆ ಗಂಟಲಿಗೆ ಅಡ್ಡ ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಹೀಗೆ ಮೊದಲ ವಾರವೆಲ್ಲಾ ಅವಳು ನೂರಕ್ಕೆ ಕುದಿಸಿದಳು, ಕೆಡುತ್ತದೆಂದು ಗೊತ್ತಿದ್ದೂ ಕುದಿಸಿದಳು. ಪ್ರತಿ ಸಲವೂ ಬುರುಡೆಯ ತಳದಲ್ಲಿ ಕಾಫಿ ಗಸಿಯಂಥದ್ದು ಕೂರುತ್ತಿತ್ತು. ಸಪೂರ ತಂತಿಯಾದರೆ ತಳಕ್ಕೆ ಕೂರುವುದಿಲ್ಲ. ಬುರುಡೆಯನ್ನು ಮೆಲ್ಲಗೆ ತಿರುವಿದರೆ ಒಳಗೆ ರೇಷ್ಮೆಯ ಮಡಿಕೆ ಬಿಚ್ಚಿದಂತೆ ಹೊಳಪು ಸುಳಿಯುತ್ತದೆ. ಆ ಹೊಳಪಿಗಾಗಿ ರುಕಿಯಾ ಕನ್ನಡಕ ಏರಿಸಿಕೊಂಡು ಬುರುಡೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಏನೂ ಕಾಣದೆ ಅದನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಬೈದಿದ್ದರೆ ಜೆಲಗಾಟಳಿಗೆ ಸಮಾಧಾನವಾಗುತ್ತಿತ್ತು.

ಕಟ್ಟಡವಂತೂ ಒಂದು ಪೆಟ್ಟಿಗೆ. ಸೂಕ್ಷ್ಮದರ್ಶಕಕ್ಕೆ ಗಾಳಿ, ಧೂಳು, ಬೀದಿಯ ಸದ್ದು ಯಾವುದೂ ಆಗದೆಂದು ಕಿಟಕಿಗಳನ್ನೆಲ್ಲಾ ಮುಚ್ಚಿ ಭದ್ರಪಡಿಸಿದ್ದರು. ಅವಳಿಗೆ ಕೊಟ್ಟ ಕಾರ್ಡು ಒಳಬಾಗಿಲನ್ನು ತೆರೆಯುತ್ತಿತ್ತು, ಹೊರಬಾಗಿಲನ್ನು ತೆರೆಯುತ್ತಿರಲಿಲ್ಲ. ಹೊರಗೆ ಹೋಗಬೇಕೆಂದರೆ ಸೂಕ್ಷ್ಮದರ್ಶಕ ನಡೆಸುವ ಸ್ವಾಲೆಯನ್ನು ಕರೆಯಬೇಕು. ಸ್ವಾಲೆ ಕರಾವಳಿಯವನು, ನಗುಮುಖದವನು, ಒಳನಾಡಿನವರನ್ನು ಛೇಡಿಸುವುದು ಅವನಿಗೆ ಹುಟ್ಟುಗುಣ. ಮೊದಲ ದಿನ ನಾಲಿಗೆ ಸುಟ್ಟುಕೊಂಡದ್ದನ್ನು ನೋಡಿದಾಗಿನಿಂದ ಅವಳ ಮುಂದೆ ಚಹಾ ಇಡುವಾಗಲೆಲ್ಲಾ ಒಂದು ಮಾತು ಇದ್ದೇ ಇರುತ್ತಿತ್ತು.

“ಊದ್ಕೊಂಡು ಕುಡಿ ತಂಗಿ. ನಿಮ್ಮ ಬೆಟ್ಟದ ಜನ ಓಡೋದ್ರಲ್ಲಿ ಗಟ್ಟಿ, ಕೂತು ಚಾ ಕುಡಿಯೋದ್ರಲ್ಲಿ ಇನ್ನೂ ಮಕ್ಕಳು.”

ಅವಳು ನಗುತ್ತಿದ್ದಳು. ಒಳಗೊಳಗೇ, ಈ ಚಹಾದಲ್ಲೇ ಇದೆ ಕಣೋ ಮಾರಾಯ, ನಿನ್ನ ಕೈಯಲ್ಲೇ ಇದೆ ಉತ್ತರ ಎಂದು ಕೂಗಬೇಕೆನಿಸುತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಂಜೆಯಾದರೆ ಬಿರೆಕ್ ಫೋನು ಮಾಡುತ್ತಿದ್ದರು. ಗಾಜು ಸರಿಯಾಗಿ ತೊಳೆದೆಯಾ, ಪುಡಿ ಹಳೆಯದಿರಬೇಕು, ಅವರ ನೀರೇ ಉಪ್ಪಿನದಿರಬೇಕು ಎನ್ನುತ್ತಿದ್ದರು. ಉಷ್ಣದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಒಂದು ಸಂಜೆ ಅವಳೇ ಧೈರ್ಯ ಮಾಡಿದಳು.

“ಅಪ್ಪಾ, ಇಲ್ಲಿ ನೀರು ನೂರಕ್ಕೆ ಕುದಿಯುತ್ತೆ.”

ಆ ಕಡೆ ಮನೆಯ ಹಿಂದೆ ಯಾರೋ ಹಾಲು ಕರೆಯಲು ಹಸುವನ್ನು ಎಬ್ಬಿಸುತ್ತಿದ್ದರು.

“ಎಲ್ಲಾ ಕಡೇನೂ ನೂರಕ್ಕೇ ಕುದಿಯೋದು,” ಎಂದರು ಬಿರೆಕ್. ಫೋನು ಕೆಳಗಿಟ್ಟರು.

ಅವರಿಗೂ ಗೊತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಅಲ್ಲಿಯವರೆಗೆ ಒಂದು ಆಸೆಯಿತ್ತು, ಬಿರೆಕ್ ಅಪ್ಪನಿಗೆ ತಿಳಿದಿಲ್ಲ, ತಿಳಿದರೆ ತಾವೇ ರುಕಿಯಾರಿಗೆ ಹೇಳುತ್ತಾರೆ ಎಂದು. ಅದೂ ಹೋಯಿತು.

ಶುಕ್ರವಾರ ಮಧ್ಯಾಹ್ನದ ಮೇಲೆ ಆ ಕಟ್ಟಡಕ್ಕೆ ಜೀವವಿರುವುದಿಲ್ಲ. ನಮಾಜಿಗೆ ಹೋದವರು ಹಾಗೇ ಮನೆಗೆ ಹೋಗುತ್ತಾರೆ. ಸ್ವಾಲೆ ಕಂಜು ಎಂಬ ಬಿಳಿ ನಿಲುವಂಗಿ ತೊಟ್ಟು ಅತ್ತರು ಹಚ್ಚಿಕೊಂಡು ಹೊರಟ ಮೇಲೆ ಜೆಲಗಾಟ್ ಒಬ್ಬಳೇ ಉಳಿದಳು. ಮೋಸ ಮಾಡಬೇಕೆಂದು ಅವಳು ಒಲೆ ಹಚ್ಚಲಿಲ್ಲ. ತಾನು ಕಂಡದ್ದು ನಿಜವೋ, ತನಗೇ ಹುಚ್ಚು ಹಿಡಿಯುತ್ತಿದೆಯೋ ನೋಡಬೇಕಿತ್ತು ಅಷ್ಟೆ. ಎಣ್ಣೆಯ ಬಾಣಲೆಯಲ್ಲಿ ಬುರುಡೆ ಇಳಿಸಿ, ಉರಿ ತಗ್ಗಿಸಿ, ತೊಂಬತ್ತಮೂರಕ್ಕೆ ತಂದು ಅಲ್ಲೇ ನಿಲ್ಲಿಸಿದಳು. ನೀರು ಕುದಿಯಲಿಲ್ಲ, ಸುಮ್ಮನೆ ಬಿಸಿಯಾಗಿ ಕೂತಿತ್ತು. ನೇರಳೆ ಬಣ್ಣ ಕಂದಾಯಿತು, ಕಂದು ಕಪ್ಪಾಯಿತು. ಸಂಜೆಗೆ ಬುರುಡೆಯನ್ನು ಎತ್ತಿ ತಿರುವಿದಳು. ರೇಷ್ಮೆ ಹೊಳೆಯಿತು. ಅವಳು ನೆಲದ ಮೇಲೆ ಕೂತು ಅತ್ತಳು. ಸಂತೋಷಕ್ಕೇ ಅತ್ತದ್ದು, ದುಃಖ ಅದರ ಹಿಂದೆಯೇ ಬಂತು.

ಬುರುಡೆಯನ್ನು ಅಲ್ಲೇ ಚೆಲ್ಲಿಬಿಟ್ಟಿದ್ದರೆ ಬಚಾವಾಗುತ್ತಿದ್ದಳು. ತಾನು ಹೆತ್ತದ್ದನ್ನು ಯಾರಾದರೂ ಚೆಲ್ಲುತ್ತಾರೆಯೇ? ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟಳು. ಸ್ವಾಲೆ ಇಲ್ಲದ್ದರಿಂದ ಕಾವಲುಗಾರನಿಂದ ಹೊರಬಾಗಿಲು ತೆರೆಸಿಕೊಂಡು ಅತಿಥಿಗೃಹಕ್ಕೆ ಹೋದಳು. ಶನಿವಾರ ಬೆಳಗ್ಗೆ ಸ್ವಾಲೆಗೆ ಅದು ಸಿಕ್ಕಿತು. ಅವಳು ಬರುವಷ್ಟರಲ್ಲಿ ಒಂದು ಹನಿ ಸೂಕ್ಷ್ಮದರ್ಶಕದೊಳಗೆ ಹೋಗಿಯಾಗಿತ್ತು. ಪರದೆಯ ಮೇಲೆ ತಂತಿಗಳು ಬಿದ್ದುಕೊಂಡಿದ್ದವು, ಉದ್ದ, ಬಿಡಿಬಿಡಿ, ಕಂಡೂ ಕಾಣದಷ್ಟು ಸಪೂರ. ಸ್ವಾಲೆ ಕುರ್ಚಿಯಿಂದೆದ್ದು ಕುಣಿದ. ಆಗಲೇ ಅವನು ರುಕಿಯಾರಿಗೆ ಫೋನು ಮಾಡಿಬಿಟ್ಟಿದ್ದ. ಅವರು ಅಡುಗೆ ಕೈಯಲ್ಲೇ ಓಡಿ ಬಂದು ಪರದೆ ನೋಡಿ, ಜೆಲಗಾಟಳನ್ನು ತಬ್ಬಿಕೊಂಡರು. ನಿನ್ನನ್ನು ಅನುಮಾನಿಸಿದ್ದಕ್ಕೆ ಕ್ಷಮಿಸು ಎಂದರು. ಸೋಮವಾರ ಬಿರೆಕ್ ಅವರನ್ನು ವಿಡಿಯೊ ಕರೆಯಲ್ಲಿ ಪರದೆಗೆ ಕರೆಯೋಣ, ಅವರೆದುರೇ ಇನ್ನೊಂದು ಸಲ ಒಲೆಗೆ ಏರಿಸು, ಅಲ್ಲಿಗೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದರು.

ಈಗಲೇ ಹೇಳು, ಈಗ ಹೇಳದಿದ್ದರೆ ಇನ್ನು ಯಾವಾಗ ಹೇಳಿದರೂ ಸುಳ್ಳುಗಾತಿಯಾಗುತ್ತೀ ಎಂದು ಜೆಲಗಾಟಳ ಮನಸ್ಸು ಕೂಗುತ್ತಿತ್ತು. ಅವಳು, ಆಯಿತು ಡಾಕ್ಟ್ರೇ, ಎಂದಳು.

ಅತಿಥಿಗೃಹಕ್ಕೆ ಹೋಗಿ ಬಿರೆಕ್‌ಗೆ ಫೋನು ಮಾಡಿ ನಡೆದದ್ದನ್ನೆಲ್ಲಾ ಹೇಳಿದಳು. ಈ ಸಲ ಅವರು ಫೋನು ಕೆಳಗಿಡಲಿಲ್ಲ. ಅವಳು ಎಂದೂ ಕೇಳಿರದ ಒಂದು ಸಂಗತಿಯನ್ನು ಹೇಳಿದರು. ಓದಲು ಕಡಲು ದಾಟಿ ಹೋದ ಹೊಸದರಲ್ಲಿ, ಊರಿನಲ್ಲಿ ಮಾಡಿದ ಪ್ರಯೋಗವೊಂದನ್ನು ಬಿರೆಕ್ ಅಲ್ಲಿ ಒಪ್ಪಿಸಿದ್ದರು. ಕುದಿಯುವ ನೀರು, ತೊಂಬತ್ತಮೂರು ಡಿಗ್ರಿ ಎಂದು ಬರೆದಿದ್ದರು. ಅಲ್ಲಿನ ಮೇಷ್ಟ್ರು ಅದನ್ನು ತರಗತಿಗೆಲ್ಲಾ ಓದಿ ಹೇಳಿ, ಪಾಪ, ಇವರ ದೇಶಕ್ಕೆ ಯಾರಾದರೂ ಒಂದು ಒಳ್ಳೆಯ ಥರ್ಮಾಮೀಟರ್ ದಾನ ಮಾಡಿ ಎಂದಿದ್ದನಂತೆ. ನಕ್ಕ ಸದ್ದು ಇನ್ನೂ ಕಿವಿಯಲ್ಲಿದೆ ಎಂದರು ಬಿರೆಕ್. ಅಂದಿನಿಂದ ಅವರು ಕುದಿಯುವ ನೀರಿಗೆ ನೂರು ಎಂದೇ ಬರೆಯುತ್ತ ಬಂದಿದ್ದರು. ಇದೊಂದು ಪ್ರಬಂಧದಲ್ಲಲ್ಲ, ಎಲ್ಲದರಲ್ಲೂ.

“ಒಂದು ದಾರ ಎಳೆದ್ರೆ ಇಡೀ ಬಟ್ಟೆ ಬಿಚ್ಕೊಳ್ಳುತ್ತೆ ಮಗಳೇ. ಇಷ್ಟು ವರ್ಷದ್ದು ಎಲ್ಲಾ.”

“ನಾನೇನ್ ಮಾಡ್ಲಿ ಅಪ್ಪಾ?”

“ಉರಿ ತಗ್ಗಿಸು. ಥರ್ಮಾಮೀಟರ್ ಈಚೆ ತೆಗೆದಿಡು. ಬಂದ ತಂತಿ ನಿಜವಾದ ತಂತಿ ತಾನೇ? ಯಾರಿಗೇನು ಮೋಸ ಆಯ್ತು?”

ಅವರ ದನಿ ನಡುಗುತ್ತಿತ್ತು. ಸಿಟ್ಟಿನ ದನಿಯಾಗಿದ್ದರೆ ಅವಳು ಎದುರಾಡುತ್ತಿದ್ದಳೇನೋ. ಹೆದರಿದ ಮುದುಕನ ದನಿ ಅದು. ಅವರ ಮೇಲೆ ಅವಳಿಗೆ ಕೋಪ ಬಂತು, ಕರುಣೆಯೂ ಬಂತು, ಎರಡೂ ಒಟ್ಟಿಗೆ ಬಂದು ಯಾವುದಕ್ಕೂ ಜಾಗ ಸಾಲಲಿಲ್ಲ. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಬಿರೆಕ್ ಅಪ್ಪನ ಬಾಳು ಬೀದಿಪಾಲು. ಹೇಳದೆ ನೂರಕ್ಕೆ ಕುದಿಸಿದರೆ ತಂತಿ ದಪ್ಪವಾಗಿ ತಾನು ಕಳ್ಳಿ. ಗುಟ್ಟಾಗಿ ಉರಿ ತಗ್ಗಿಸಿದರೆ ತಂತಿಯೇನೋ ಬರುತ್ತದೆ, ಆದರೆ ಆ ಸುಳ್ಳು ಕ್ರಮವನ್ನು ನಂಬಿ ಜಗತ್ತಿನ ಇನ್ನೆಷ್ಟೋ ಹುಡುಗಿಯರು ನೂರಕ್ಕೆ ಕುದಿಸಿ ಕುದಿಸಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಕುರಿನ ಮಕ್ಕಳಿಗೆ ಜರಡಿ ಎಂದೂ ಆಗುವುದಿಲ್ಲ.

ಭಾನುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ರುಕಿಯಾ ನಿಂತಿದ್ದರು, ಒಂದು ಕೈಯಲ್ಲಿ ಕರಿದ ಸಿಹಿರೊಟ್ಟಿ ಮಹಾಮ್ರಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಶುಕ್ರವಾರದ ಗಾಜಿನ ಬುರುಡೆ. ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಬುರುಡೆಯನ್ನು ಮೇಜಿನ ಮೇಲಿಟ್ಟು, ಮಂಚದ ತುದಿಯಲ್ಲಿ ಕೂತರು. ಮಹಾಮ್ರಿಯಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು.

“ಇದು ಕುದ್ದಿಲ್ಲ,” ಎಂದರು. “ಕುದ್ದ ಬುರುಡೆಗೆ ನೀರಿನ ಮೇಲ್ಗಡೆ ಕಂದು ಕಲೆ ಹಾರಿರುತ್ತೆ. ಹೋದ ವಾರದ್ದೆಲ್ಲದರಲ್ಲೂ ಇದೆ. ಇದರ ಕತ್ತು ನೋಡು, ತೊಳೆದ ಹಾಗಿದೆ. ಎಷ್ಟಕ್ಕೆ ಇಟ್ಟಿದ್ದೆ?”

ಜೆಲಗಾಟ್ ನಿಂತೇ ಇದ್ದಳು. ಸುಳ್ಳು ಹೇಳಲು ಬಾಯಿ ತೆರೆದಳು, ಬಂದದ್ದು ನಿಜ.

“ತೊಂಬತ್ತಮೂರು.”

ರುಕಿಯಾ ಸ್ವಲ್ಪ ಹೊತ್ತು ಲೆಕ್ಕ ಹಾಕುವವರಂತೆ ಗೋಡೆ ನೋಡಿದರು. ಅವರು ಹುಟ್ಟಿದ್ದು ಲಾಮುವಿನಲ್ಲಿ, ಕಡಲಿನ ಮಗ್ಗುಲಲ್ಲಿ. ಎತ್ತರದ ನೆನಪು ಅವರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಬಂದ ಮೇಲೆ ಒಮ್ಮೆ ನಕ್ಕರು, ತಮ್ಮ ಮೇಲೆಯೇ. ಆಮೇಲೆ ಆ ನಗು ಹೋಯಿತು.

“ನೂರು ಅಂತ ಬರೆದದ್ದು ಯಾರು?”

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ರುಕಿಯಾ ಕಾದರು. ಕೆಳಗೆ ಬೀದಿಯಲ್ಲಿ ಟುಕ್‌ಟುಕ್ ಗಾಡಿಗಳು ಹೋದವು, ಬಂದವು.

“ನಾಳೆ ನಿಮ್ಮ ಪ್ರೊಫೆಸರ್ ಮುಂದೆ ಇದನ್ನೇ ಮತ್ತೆ ಕೇಳ್ತೀನಿ,” ಎಂದರು ರುಕಿಯಾ. “ನೀನಲ್ಲ ಅಂತ ನಂಗೊತ್ತು. ನೀನೇ ಬರೆದಿದ್ರೆ ಒಂದು ವಾರ ನನ್ನ ಕಣ್ಮುಂದೆ ನೂರಕ್ಕೆ ಕುದಿಸಿ ಸೋಲ್ತಿರ್ಲಿಲ್ಲ, ಮೊದಲ ದಿನವೇ ಉರಿ ತಗ್ಗಿಸ್ತಿದ್ದೆ. ನಾನಲ್ಲ ಅಂತ ಹೇಳು, ನಿನ್ನ ಬೆನ್ನಿಗೆ ನಾನಿರ್ತೀನಿ. ಸೂಕ್ಷ್ಮದರ್ಶಕದ ಹತ್ರ ನಿಂಗೊಂದು ಜಾಗ ಇಟ್ಟಿದೀನಿ, ಅದೂ ನಿಂದೇ. ನಾನೇ ಅಂದ್ರೆ ಮಾತ್ರ ನನ್ನ ಕೈ ಕಟ್ಟಿಹೋಗುತ್ತೆ. ಕಣ್ಣಲ್ಲಿ ಕಂಡದ್ದು ಬಿಟ್ಟು ಬೇರೆ ಅಂಕಿ ಬರೆದವಳು ಅಂತ ಬರೀಬೇಕಾಗುತ್ತೆ. ಅಂಥವಳನ್ನ ನಾನು ಒಳಗೆ ಸೇರಿಸ್ಕೊಳ್ಳಕ್ಕಾಗಲ್ಲ.”

ಹೋಗುವಾಗ ಬಾಗಿಲಲ್ಲಿ ನಿಂತು, ಮಹಾಮ್ರಿ ಆರಿಹೋಗುತ್ತೆ, ತಿನ್ನು ಎಂದರು.

ಬಾಗಿಲು ತೆರೆದಿತ್ತು ಎಂದೇ ಹೇಳಬೇಕು. ಇಷ್ಟು ದಿನ ಗೋಡೆಗಳ ನಡುವೆ ತಡಕಾಡಿದವಳಿಗೆ ಹೊರಗಿನವಳೊಬ್ಬಳು ಬಾಗಿಲು ತೆರೆದು, ಬಾ ಎಂದು ಕೈ ಚಾಚಿದ್ದಳು. ಒಂದೇ ಮಾತು, ‘ನಾನಲ್ಲ’. ಅಪ್ಪನ ಹೆಸರನ್ನು ಎತ್ತಬೇಕೆಂದೂ ಇರಲಿಲ್ಲ. ಆದರೆ ನಾನಲ್ಲ ಎಂದರೆ ಉಳಿಯುವವರು ಯಾರು? ರುಕಿಯಾ ತಂತಿ ನೋಡಿದವರು, ಬರೆದವರಲ್ಲ. ಜೆಲಗಾಟ್ ಒಂದು ಲೆಕ್ಕ ಹಾಕಿದಳು, ಎಲ್ಲಾ ಹೆಣ್ಣುಮಕ್ಕಳೂ ಎಂದಾದರೊಮ್ಮೆ ಹಾಕುವ ಲೆಕ್ಕ. ರುಕಿಯಾ ಕೇಳಿದಾಗ ತಾನು ಸುಮ್ಮನಿರುತ್ತೇನೆ. ತಾನು ಸುಮ್ಮನಿದ್ದರೆ ಅಪ್ಪ ತಾವೇ ಹೇಳುತ್ತಾರೆ. ಹೆದರಿದ್ದಾರೆ ನಿಜ, ಆದರೆ ಮಗಳು ಕಣ್ಣೆದುರು ಮುಳುಗುವಾಗ ಯಾವ ಅಪ್ಪ ದಡದಲ್ಲಿ ನಿಂತಿರುತ್ತಾನೆ? ಈ ನಂಬಿಕೆಯ ಮೇಲೆ ಅವಳು ಮಹಾಮ್ರಿ ತಿಂದಳು.

ಸೋಮವಾರ ಬಿರೆಕ್ ಪರದೆಯ ಮೇಲೆ ಬಂದರು. ಒಳ್ಳೆಯ ಕೋಟು ಹಾಕಿದ್ದರು. ಹಿಂದೆ ಗೋಡೆಯ ಮೇಲೆ ಅವರ ವಿದ್ಯಾರ್ಥಿಗಳ ಪದವಿದಾನದ ಚಿತ್ರಗಳು. ರುಕಿಯಾ ಸುತ್ತಿ ಬಳಸದೆ ಹೇಳಿದರು: ತಂತಿ ಬಂದಿದೆ, ತೊಂಬತ್ತಮೂರರಲ್ಲಿ ಬಂದಿದೆ, ನೂರರಲ್ಲಿ ಬರುವುದಿಲ್ಲ. ಪ್ರಬಂಧ ಉಳಿಯುತ್ತದೆ, ತಿದ್ದುಪಡಿ ಅಚ್ಚಾಗಬೇಕು. ತಿದ್ದುಪಡಿಯಲ್ಲಿ ತಪ್ಪು ಹೇಗಾಯಿತೆಂದು ಬರೆಯಬೇಕು.

“ನೂರು ಅಂತ ಬರೆದವರು ಯಾರು?”

ಜೆಲಗಾಟ್ ಪರದೆಯನ್ನು ನೋಡಿದಳು. ಬಿರೆಕ್ ಕೆಳಗೆ ನೋಡುತ್ತಿದ್ದರು, ಮೇಜಿನ ಮೇಲೆ ಏನೋ ಇದ್ದಂತೆ. ಸ್ವಾಲೆ ಕಾಲು ಬದಲಿಸಿ ನಿಂತ. ಯಂತ್ರದ ಕೊಳವೆಯಲ್ಲಿ ತಣ್ಣೀರು ಹರಿಯುತ್ತಿತ್ತು. ಅವಳು ಕಾದಳು. ಈಗ ಹೇಳುತ್ತಾರೆ, ಈಗ ತಲೆ ಎತ್ತುತ್ತಾರೆ ಎಂದು ಕಾದಳು. ಅವರು ತಲೆ ಎತ್ತಿದರು. ಅವಳ ಕಣ್ಣನ್ನೇ ನೋಡಿದರು. ಬೇಡುವವರ ನೋಟ ಅದು. ಅಷ್ಟು ವರ್ಷ ತನಗೆ ಕೊಡುತ್ತಲೇ ಬಂದ ಮನುಷ್ಯ ಬೇಡುವುದನ್ನು ಅವಳು ಎಂದೂ ನೋಡಿರಲಿಲ್ಲ, ನೋಡಲು ಅವಳಿಂದ ಆಗಲಿಲ್ಲ.

“ನಾನೇ,” ಎಂದಳು.

ರುಕಿಯಾ ಅವಳ ಕಡೆ ತಿರುಗಿದರು. ಇನ್ನೊಂದು ಸಲ ಕೇಳಲಾ ಎಂಬಂತೆ ಹುಬ್ಬು ಮೇಲೇರಿತು. ಅಷ್ಟರಲ್ಲಿ ಪರದೆಯಿಂದ ಮಾತು ಬಂತು. ಕೊನೆಗೂ ಬಂತು.

“ಮಕ್ಕಳು ತಪ್ಪು ಮಾಡ್ತವೆ ಡಾಕ್ಟ್ರೇ,” ಎಂದರು ಬಿರೆಕ್. ದನಿ ಈಗ ನಡುಗುತ್ತಿರಲಿಲ್ಲ. “ಒಳ್ಳೆ ಹುಡುಗಿ. ನೀವು ದೊಡ್ಡ ಮನಸ್ಸು ಮಾಡ್ಬೇಕು.”

ಮುಂದಿನದೆಲ್ಲಾ ಬೇಗ ಮುಗಿಯಿತು. ತಿದ್ದುಪಡಿಯಲ್ಲಿ, ಉಷ್ಣದ ಅಂಕಿಯನ್ನು ಮೊದಲ ಲೇಖಕಿ ತಪ್ಪಾಗಿ ನಮೂದಿಸಿದ್ದರು ಎಂದು ಬರೆದರು. ವಿಶ್ವವಿದ್ಯಾಲಯ ವಿಚಾರಣೆ ಮಾಡುವವರೆಗೆ ಅವಳ ಪದವಿ ನಿಂತಿತು. ಸೂಕ್ಷ್ಮದರ್ಶಕದ ಹತ್ತಿರದ ಜಾಗ ಬೇರೆಯವರಿಗೆ ಹೋಯಿತು. ತಂತಿ ಮಾತ್ರ ಗೆದ್ದಿತು. ಹೊರದೇಶದ ಆ ತಂಡಗಳಿಗೂ ತೊಂಬತ್ತಮೂರರಲ್ಲಿ ಸಪೂರವಾಗಿ ಬಂತಂತೆ. ಹೊರಡುವ ದಿನ ಸ್ವಾಲೆ ಹೊರಬಾಗಿಲು ತೆರೆದು ಅವಳ ಚೀಲ ಬಸ್ಸಿನವರೆಗೆ ಹೊತ್ತು ತಂದ. ರುಕಿಯಾ ಬರಲಿಲ್ಲ.

ಎಲ್ಡೊರೆಟ್‌ನಲ್ಲಿ ಬಸ್ಸಿಳಿದಾಗ ಚಳಿಯಿತ್ತು. ನಿಲ್ದಾಣದಲ್ಲಿ ಇಬ್ಬರು ನಿಂತಿದ್ದರು, ಅವಳ ಅಪ್ಪ ಮತ್ತು ಬಿರೆಕ್. ಓಟದಲ್ಲಿ ಗೆದ್ದು ಊರಿಗೆ ಬಂದವರನ್ನು ಎದುರುಗೊಳ್ಳುವಂತೆ ಬಿರೆಕ್ ಕೈಯಲ್ಲಿ ಸೋರೆಬುರುಡೆ ಹಿಡಿದಿದ್ದರು. ಅದರ ತುಂಬಾ ಮುರ್ಸಿಕ್, ಇದ್ದಿಲಿನ ಘಮದ ಹುಳಿಹಾಲು. ಅದನ್ನು ಕೊಡುವವರು ತಮ್ಮ ಕೈಯಿಂದಲೇ ಕುಡಿಸಬೇಕು, ಬಂದವರು ಬೇಡ ಎನ್ನುವಂತಿಲ್ಲ.

ಅಪ್ಪನ ಕಣ್ಣು ತುಂಬಿತ್ತು. ಅವನಿಗೆ ಗೊತ್ತಿದ್ದದ್ದು ಬಿರೆಕ್ ಹೇಳಿದಷ್ಟೇ.

“ಇವನು ನನಗೆ ಎಲ್ಲಾ ಹೇಳ್ದ,” ಎಂದ ಅಪ್ಪ. “ಬೇರೆ ಯಾರಾದ್ರೂ ಆಗಿದ್ರೆ ನಿನ್ನನ್ನ ಹೊರಗಟ್ಟಿರೋರು. ನಿನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡು, ಆ ಡಾಕ್ಟ್ರಮ್ಮನ ಹತ್ರ ನಿನಗೋಸ್ಕರ ಬೇಡ್ಕೊಂಡಿದಾನೆ. ನನ್ನ ಮಾನ ಉಳಿಸ್ದ. ತಲೆ ಬಗ್ಗಿಸಿ ಉಪಕಾರ ಆಯ್ತು ಅನ್ನು.”

ಬಿರೆಕ್ ಅವಳ ಮುಖ ನೋಡಲಿಲ್ಲ. ಸೋರೆಬುರುಡೆಯನ್ನು ಅವಳ ಬಾಯಿಗೆ ಹಿಡಿದರು. ಒಂದಿಷ್ಟು ಹಾಲು ಅವಳ ಗಲ್ಲದ ಮೇಲೆ ಹರಿಯಿತು. ಜೆಲಗಾಟ್ ಕುಡಿದಳು, ಬಾಯಿ ಒರೆಸಿಕೊಂಡಳು, ತಲೆ ಬಗ್ಗಿಸಿದಳು.

“ಉಪಕಾರ ಆಯ್ತು, ಅಪ್ಪಾ.”

“ಇರ್ಲಿ ಬಿಡು ಮಗಳೇ,” ಎಂದರು ಬಿರೆಕ್. “ಇನ್ಮುಂದೆ ಕಣ್ಣಲ್ಲಿ ನೋಡಿ ಬರಿ.”

ಅಪ್ಪ ಹೌದೆಂದು ತಲೆಯಾಡಿಸಿದ.